ಎರಡನೇ ಅಳತೆ ಇಲ್ಲದ ಕಾಲು

ಆ ನಾಯಕನ ನಗುಮುಖ ನೆನೆದರೆ ಅವಳಿಗೆ ಇವತ್ತಿಗೂ ಹೇಸಿಗೆ. ತನ್ನ ಮೇಲಿನ ಹೇಸಿಗೆ ಅದಕ್ಕೂ ಒಂದು ಕೈ ಮೇಲು.

ಅವಳದು ಕೃತಕ ಕಾಲು ಕೂರಿಸುವ ಕೆಲಸ. ಹದಿನೆಂಟು ವರ್ಷದಿಂದ ಅದೇ ಸೇವಾಸಂಸ್ಥೆ, ಅದೇ ಪ್ಲಾಸ್ಟರ್ ಧೂಳು. ಅಲ್ಲಿಗೆ ಹೊರದೇಶದ ಫೆಲೋಶಿಪ್‌ನವರು ಆರು ತಿಂಗಳ ಮಟ್ಟಿಗೆ ಒಬ್ಬ ಯುವಕನನ್ನು ಕಳಿಸಿದರು. ಅವನ ಪತ್ರದಲ್ಲಿ ‘ಉದಯೋನ್ಮುಖ ನಾಯಕ’ ಎಂದಿತ್ತು, ಎಲ್ಲರೂ ‘ನಾಯಕರೇ’ ಎಂದೇ ಕರೆದರು. ನಾಯಕರು ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿದರು. ಆಮೇಲೆ, ಒಂದು ಕಾಲಿಗೆ ಹದಿನೈದು ದಿನ ಯಾಕೆ ಬೇಕು ಎಂದು ಶುರುಹಚ್ಚಿಕೊಂಡರು.

ಯಾಕೆಂದರೆ ಕತ್ತರಿಸಿ ಉಳಿದ ಮೊಂಡುಗಾಲಿಗೆ ಲಿಪ್‌ಸ್ಟಿಕ್ ಹಚ್ಚಿ ನಡೆಸಬೇಕು. ಕಾಲು ಕೂರುವ ಬಟ್ಟಲಿನೊಳಗೆ ಎಲ್ಲಿ ಕೆಂಪು ಅಂಟುತ್ತದೋ ಅಲ್ಲಿ ಒತ್ತುತ್ತಿದೆ ಎಂದರ್ಥ. ಅಷ್ಟನ್ನು ಉಜ್ಜಿ ತೆಗೆಯಬೇಕು. ಊತ ಇಳಿದ ಮೇಲೆ ಮತ್ತೊಮ್ಮೆ ಹಚ್ಚಿ ನೋಡಬೇಕು. ಅದೇ ಎರಡನೇ ಅಳತೆ.

ಅವಳನ್ನು ಸಾಕಿದ ಚಿಕ್ಕಮ್ಮನ ಒಂದು ಕಾಲನ್ನು ಸಕ್ಕರೆ ಕಾಯಿಲೆ ಮೊಣಕಾಲಿನ ಕೆಳಗೆ ತಿಂದುಹಾಕಿತ್ತು. ಇನ್ನೊಂದು ಗಾಯವಾದರೆ ಮೊಣಕಾಲಿನ ಮೇಲಕ್ಕೇ ಕತ್ತರಿಸಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಆಕೆಯದು ಮೊದಲ ಅಳತೆ ಮುಗಿದಿತ್ತು, ಅಷ್ಟೇ. ಅಷ್ಟರಲ್ಲಿ ಫೆಲೋಶಿಪ್‌ನ ದೊಡ್ಡವರು ಬರುವ ದಿನ ಬಂತು. ಹೊಸ ಕಾಲಿನಲ್ಲಿ ನಡೆದು ತೋರಿಸಲು ನಾಯಕರಿಗೆ ಒಬ್ಬರು ಬೇಕಾಯಿತು, ಚಿಕ್ಕಮ್ಮನನ್ನೇ ಕೇಳಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

“ಆಗಲ್ಲ” ಎಂದಳು ಅವಳು, ಎರಡು ಸಲ.

“ನಾಯಕರು ನಾಳೆ ಊರಿಗೆ ಹೊರಡ್ತಾರೆ, ಮಾನ ಉಳಿಸಮ್ಮಾ” ಎಂದರು ಸಂಸ್ಥೆಯ ಯಜಮಾನರು.

“ಹತ್ತು ಹೆಜ್ಜೆ ತಾನೇ? ಪಾಪ, ಆ ಮಗು ಕೇಳ್ಕೊಳ್ತಿದೆ” ಎಂದಳು ಚಿಕ್ಕಮ್ಮ.

ಅವಳು ಕೃತಕ ಕಾಲಿನ ಪಟ್ಟಿ ಬಿಗಿದಳು. ಅಲ್ಲೇ ತಪ್ಪಿದ್ದು.

ಚಿಕ್ಕಮ್ಮ ಹಲ್ಲು ಕಚ್ಚಿ, ನಗುತ್ತಾ ನಡೆದಳು. ಚಪ್ಪಾಳೆಯೋ ಚಪ್ಪಾಳೆ. ‘ಹದಿನೈದು ದಿನದ ಕೆಲಸವನ್ನು ನಾನು ಮೂರು ದಿನಕ್ಕೆ ಇಳಿಸಿದೆ’ ಎಂದು ನಾಯಕರು ಮೈಕಿನಲ್ಲಿ ಹೇಳುತ್ತಿದ್ದರು. ಅವಳು ಮಾತ್ರ ಚಿಕ್ಕಮ್ಮನ ಮೊಂಡುಗಾಲಿಗೆ ತೊಡಿಸಿದ್ದ ಕಾಲುಚೀಲವನ್ನೇ ನೋಡುತ್ತಿದ್ದಳು. ಅದರ ಅಂಚು ಕೆಂಪಾಗುತ್ತಿತ್ತು.

ನಾಯಕರೂ ನೋಡಿದರು. ಬಾಗಿ, ಕಲಿತಷ್ಟು ಭಾಷೆಯಲ್ಲಿ ಹೇಳಿದರು: “ಲಿಪ್‌ಸ್ಟಿಕ್, ಅಲ್ವಾ? ಪರವಾಗಿಲ್ಲ. ಇನ್ನೊಂದ್ಸಲ ನಡೀಲಿ, ವಿಡಿಯೋ ಸರಿ ಬಂದಿಲ್ಲ.”

ಆವತ್ತು ಅವಳು ಲಿಪ್‌ಸ್ಟಿಕ್ ಹಚ್ಚಿರಲೇ ಇಲ್ಲ. ಆರು ತಿಂಗಳು ಪಕ್ಕದಲ್ಲೇ ಕೂತು, ರಕ್ತ ಯಾವುದು ಬಣ್ಣ ಯಾವುದು ಅಂತ ಗೊತ್ತಾಗದ ಈ ಪ್ರಾಣಿಗೆ ಏನು ಹೇಳುವುದು? ಉಗಿಯಬೇಕು ಅನ್ನಿಸಿತು. ಉಗಿಯಲು ಬಾಯಲ್ಲಿ ಪಸೆಯೇ ಇರಲಿಲ್ಲ. ದೊಡ್ಡವರ ಮುಂದೆಯೇ ಮಂಡಿಯೂರಿ ಪಟ್ಟಿ ಬಿಚ್ಚಿ ಕೃತಕ ಕಾಲನ್ನು ಎಳೆದು ತೆಗೆದಳು. ಮೊಂಡುಗಾಲಿನ ತುದಿಯ ಚರ್ಮ ಸುಲಿದು ಬಂದಿತ್ತು. ಮುಂದಿನ ಸಾಲಿನವರು ಮುಖ ತಿರುಗಿಸಿದರು, ಯಾರೋ ಕ್ಯಾಮೆರಾ ಇಳಿಸಿದರು.

ಚಿಕ್ಕಮ್ಮ ಗಾಯ ನೋಡಿಕೊಳ್ಳಲಿಲ್ಲ. ಬಟ್ಟಲಿನ ಒಳಗನ್ನು ಅಂಗೈಯಿಂದ ಒರೆಸಿ ಆ ಕಾಲನ್ನು ನಾಯಕರತ್ತ ಚಾಚಿದಳು.

“ಬೇಜಾರು ಮಾಡ್ಕೋಬೇಡಪ್ಪಾ, ಹೊಸ ಕಾಲು ಗಲೀಜು ಮಾಡ್ಬಿಟ್ಟೆ.”