ಮೂರನೇ ಬ್ಲೇಡು

ಸರ್ಕಾರಿ ವಿದ್ಯುತ್ ಕಂಪನಿಯ ಆ ಕಚೇರಿಯಲ್ಲಿ ಅವಳು ಎಲ್ಲರಿಗೂ ಟಪಾಲಕ್ಕ. ಬಂದ ಕಾಗದಕ್ಕೆ ಠಸ್ಸೆ ಹೊಡೆದು, ರಿಜಿಸ್ಟರಿನಲ್ಲಿ ನಂಬರು ಹಾಕಿ, ಸಾಹೇಬರ ಮೇಜಿಗೆ ಮುಟ್ಟಿಸುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ಅವಳ ಕುರ್ಚಿಯ ಸೀಟು ಹಳ್ಳ ಬಿದ್ದು ನಾಲ್ಕು ವರ್ಷವಾಗಿತ್ತು. ಹೊಸದು ಕೇಳಿ ಕೇಳಿ ಬಾಯಿ ಸೋತ ಮೇಲೆ, ಹಿಂದಿನ ವರ್ಷದ ದಪ್ಪ ರಿಜಿಸ್ಟರನ್ನೇ ಸೀಟಿನ ಮೇಲಿಟ್ಟು, ಮೇಲೊಂದು ಹಳೆ ಟವೆಲು ಹಾಸಿ ಕೂರುತ್ತಿದ್ದಳು. ಊರಿಗೆಲ್ಲ ಬೆಳಕು ಕೊಡುತ್ತೇವೆಂದು ಬೋರ್ಡು ಹಾಕಿಕೊಂಡ ಕಂಪನಿಗೆ ಒಂದು ಕುರ್ಚಿ ಕೊಡಲು ಆಗಿರಲಿಲ್ಲ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಇದೇ ಕಂಪನಿಯಲ್ಲಿ ಅವಳ ಗಂಡ ಸಬ್‌ಸ್ಟೇಷನ್ನಿನ ಆಪರೇಟರು, ತಮ್ಮ ಲೈನ್‌ಮನ್. ಮನೆಯಲ್ಲಿ ಕರೆಂಟು ಹೋದರೆ ಯಾರನ್ನು ಬೈಯಬೇಕೆಂದೇ ತಿಳಿಯುವುದಿಲ್ಲ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಮೂರು ವಾರದ ಹಿಂದೆ ಆ ತಮಾಷೆ ನಿಂತುಹೋಯಿತು.

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಕಂಬದ ಮೇಲಿದ್ದ ತಮ್ಮ ತಂತಿ ಮುಟ್ಟಿದ್ದ. ಸೊಂಟದ ಪಟ್ಟಿ ಹಿಡಿದುಕೊಂಡದ್ದಕ್ಕೆ ಜೀವ ಉಳಿಯಿತು. ಎಡಗೈ ಉಳಿಯಲಿಲ್ಲ.

"ಲೈನ್ ಕ್ಲಿಯರ್ ತಗೊಳ್ದೆ ನಾನು ಹತ್ತಿಲ್ಲ ಅಕ್ಕ" ಎಂದಿದ್ದ ಆಸ್ಪತ್ರೆಯಲ್ಲಿ. ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿಗೆ ಫೋನು ಮಾಡಬೇಕು. ಆಪರೇಟರು ಕರೆಂಟು ತೆಗೆದು, ಕಂಬ ಹತ್ತಬಹುದು ಎಂದು ಹೇಳಿ ಒಂದು ನಂಬರು ಕೊಡಬೇಕು. ಅದೇ ಲೈನ್ ಕ್ಲಿಯರ್. ನಂಬರನ್ನು ಎರಡು ಕಡೆಯವರೂ ಬರೆದುಕೊಳ್ಳಲು ಪುಸ್ತಕವಿರಬೇಕು. ಆ ಪುಸ್ತಕಗಳ ಸರಬರಾಜು ನಿಂತು ಒಂದೂವರೆ ವರ್ಷವಾಗಿತ್ತು. ಆಪರೇಟರು ಸಿಕ್ಕ ಚೀಟಿಯಲ್ಲಿ ಗೀಚುತ್ತಿದ್ದ, ಲೈನ್‌ಮನ್‌ಗಳು ಅಂಗೈಯಲ್ಲಿ ಬರೆದುಕೊಳ್ಳುತ್ತಿದ್ದರು.

"ಎಡಗೈಲಿ ಬರ್ಕೊಂಡಿದ್ದೆ. ನಲವತ್ತೇಳು. ಹೇಳಿಕೆಯಲ್ಲೂ ಅದನ್ನೇ ಬರೆಸಿದ್ದೀನಿ. ಆದ್ರೆ ತೋರ್ಸೋಕೆ ಆ ಕೈಯೇ ಇಲ್ವಲ್ಲ."

ಅವಳು ಅವನ ಹೊದಿಕೆ ಸರಿಮಾಡಿದಳು. ತಿರುಗಿ ನೋಡಿದರೆ ಗಂಡ ವಾರ್ಡಿನ ಬಾಗಿಲಾಚೆ ಯಾರದೋ ಚಪ್ಪಲಿಗಳನ್ನು ನೋಡುತ್ತ ನಿಂತಿದ್ದ. ಬಾಮೈದನ ಮಂಚದ ಹತ್ತಿರ ಅವನು ಒಂದು ದಿನವೂ ಬಂದಿರಲಿಲ್ಲ.

ಅವಳಿಗೆ ಅನುಮಾನ ಹೊಕ್ಕದ್ದು ಆಗಲೇ. ಅವತ್ತು ಡ್ಯೂಟಿಯಲ್ಲಿದ್ದವನು ಗಂಡನೇ. ಕೇಳಿದರೆ ಅವನದು ಒಂದೇ ಪಾಠ: "ಲಾಗ್ ಪುಸ್ತಕದಲ್ಲಿ ಏನಿದ್ಯೋ ಅದೇ ನನ್ನ ಹೇಳಿಕೆ." ಗಂಟೆಗೊಮ್ಮೆ ಲೈನಿನ ಲೋಡು ಬರೆಯುವ ಪುಸ್ತಕ ಅದು. ಅದರಲ್ಲಿ ಹನ್ನೊಂದು ಗಂಟೆಗೆ ನೂರ ಇಪ್ಪತ್ತೈದು ಎಂದಿತ್ತು. ಅಂದರೆ ಲೈನಿನಲ್ಲಿ ಕರೆಂಟು ಇತ್ತು, ಲೈನ್ ಕ್ಲಿಯರ್ ಕೊಟ್ಟೇ ಇರಲಿಲ್ಲ, ಹುಡುಗ ಅಪ್ಪಣೆಯಿಲ್ಲದೆ ಹತ್ತಿದ. ಅಷ್ಟಾದರೆ ಕೈ ಕಳೆದುಕೊಂಡವನು ಕೆಲಸವನ್ನೂ ಕಳೆದುಕೊಳ್ಳುತ್ತಾನೆ. ತಮ್ಮ ಫೋನು ಮಾಡಿದ್ದು ದಾಖಲೆಯಲ್ಲಿದೆಯಲ್ಲ ಎಂದರೆ, "ಫೋನು ಮಾಡಿದ್ದು ಕಾಣ್ಸುತ್ತಮ್ಮ, ಏನು ಮಾತಾಡಿದ್ರು ಅಂತ ಕಾಣ್ಸಲ್ಲ" ಎಂದು ಸಾಹೇಬರು ಹುಳ್ಳಗೆ ನಕ್ಕಿದ್ದರು.

ತಮ್ಮ ಸುಳ್ಳು ಹೇಳುತ್ತಿದ್ದಾನೋ, ಗಂಡನೋ? ಅವಳು ಊಟಕ್ಕೆ ಬಡಿಸುವಾಗ ಗಂಡನ ಕೈ ನೋಡುವಳು, ಅಂಗಿ ಒಗೆಯುವಾಗ ಜೇಬು ನೋಡುವಳು. ಜೇಬಿನಲ್ಲಿ ಎಂದಿನಂತೆ ಎರಡು ಪೆನ್ನು, ಒಂದು ನೀಲಿ, ಒಂದು ಕಪ್ಪು. ಒಂದು ಮುಗಿದರೆ ಇನ್ನೊಂದಿರಲಿ ಎಂದು ಇಟ್ಟುಕೊಳ್ಳುವ ಜಾಗ್ರತೆ ಎಂದೇ ಅವಳು ಇಷ್ಟು ವರ್ಷ ನಂಬಿದ್ದಳು.

ವಿಚಾರಣೆಯ ಹಿಂದಿನ ದಿನ ಆ ತಿಂಗಳ ಲಾಗ್ ಪುಸ್ತಕ ಟಪಾಲಿನಲ್ಲಿ ಅವಳ ಮೇಜಿಗೇ ಬಂತು. ಅವಳು ಅತ್ತಿತ್ತ ನೋಡಿ ಅಪಘಾತದ ದಿನದ ಪುಟ ತೆರೆದಳು. ಹತ್ತರ ರೀಡಿಂಗು ನೀಲಿ, ಹನ್ನೊಂದರದು ಕಪ್ಪು. ಹನ್ನೆರಡರಿಂದ ನಾಲ್ಕರವರೆಗೆ ಸೊನ್ನೆ. ಅದು ಸರಿಯೇ, ಅಪಘಾತವಾದ ಮೇಲೆ ಸಂಜೆಯವರೆಗೆ ಅರ್ಧ ಊರಿಗೆ ಕರೆಂಟಿರಲಿಲ್ಲ. ಆದರೆ ಆ ಸೊನ್ನೆಗಳ ಕೆಳಗೆ ಕಾಗದ ಕೆರೆದು ತೆಳ್ಳಗಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದಳು. ಹನ್ನೆರಡರ ಸೊನ್ನೆಯ ಅಡಿಯಲ್ಲಿ ನೂರ ಹದಿನೆಂಟು ಎಂದಿತ್ತು. ಕರೆಂಟೇ ಇಲ್ಲದ ಹೊತ್ತಿಗೆ ಈ ನೂರ ಹದಿನೆಂಟು ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಅವಳು ನೇರ ಸಬ್‌ಸ್ಟೇಷನ್ನಿಗೆ ಹೋದಳು. ಗಂಡ ಹೊರಗೆ ಯಾವುದೋ ಮೀಟರು ನೋಡುತ್ತಿದ್ದ. ಮೇಜಿನ ಮೇಲಿದ್ದ ಹೊಸ ಲಾಗ್ ಪುಸ್ತಕದಲ್ಲಿ ಅವತ್ತಿನ ಪುಟ ಸಂಜೆ ನಾಲ್ಕರವರೆಗೂ ತುಂಬಿತ್ತು. ಒಂದು ಸಾಲು ನೀಲಿ, ಒಂದು ಸಾಲು ಕಪ್ಪು, ಗಂಟೆಗೊಮ್ಮೆ ಬರೆದಂತೆ ಕಾಣಲು.

ಒಳಗೆ ಬಂದ ಗಂಡ ಅವಳ ಬೆರಳು ಎಲ್ಲಿದೆ ಎಂದು ನೋಡಿ ಅಲ್ಲೇ ನಿಂತ.

"ಬೆಳಿಗ್ಗೆ ಡ್ಯೂಟಿಗೆ ಬಂದ ಎಂಟಕ್ಕೇ ಎಲ್ಲ ಬರೆದಿಡ್ತೀರಾ?"

"ಮೂರು ಜನ ಮಾಡೋ ಕೆಲಸ ಒಬ್ಬನೇ ಮಾಡ್ತೀನಿ. ಗಂಟೆಗಂಟೆಗೂ ಬರೀತಾ ಕೂತ್ರೆ ಉಳಿದದ್ದು ಯಾರು ನೋಡ್ತಾರೆ? ಎಲ್ಲಾ ಕಡೆ ಹೀಗೇನೇ."

"ಅವನಿಗೆ ಲೈನ್ ಕ್ಲಿಯರ್ ಕೊಟ್ರಾ, ಇಲ್ವಾ?"

ಅವನು ಕುರ್ಚಿಗೆ ಒರಗಿಕೊಂಡ. "ಕೊಟ್ಟೆ. ಹ್ಯಾಂಡಲ್ಲೂ ಎಳೆದೆ. ಆ ಸ್ವಿಚ್ಚಿಗೆ ಮೂರು ಬ್ಲೇಡು, ತಂತಿಗೊಂದು. ಮೂರನೇದು ಬಿಟ್ಟುಕೊಳ್ಳಲ್ಲ, ಕೋಲಲ್ಲಿ ತಳ್ಳಬೇಕು. ಕೆಟ್ಟ ಟ್ರಾನ್ಸ್‌ಫಾರ್ಮರು ಅಡ್ಡ ಇಟ್ಟಿದ್ದಾರೆ, ಸುತ್ತಿ ಹೋದ್ರೇನೇ ಕಾಣೋದು. ದಿನಾ ಹೋಗ್ತಿದ್ದೆ. ಅವತ್ತು ಇನ್ನೊಂದು ಫೋನು ಬಂತು, ಹೋಗಲಿಲ್ಲ, ಆ ತಂತೀಲಿ ಕರೆಂಟು ಉಳೀತು."

"ಮತ್ತೆ ಬಾಯಿಗೆ ಬೀಗ ಯಾಕೆ?"

"ಅಪಘಾತ ಆದ ಕೂಡ್ಲೇ ಸಾಹೇಬ್ರು ಬಂದು ಪುಟ ನೋಡಿದ್ರು. ನಂಬರು ಬರೆದ ಚೀಟಿ ಕೇಳಿ ಇಸ್ಕೊಂಡ್ರು. ಹನ್ನೆರಡರಿಂದ ಸೊನ್ನೆ ಮಾಡು, ಹನ್ನೊಂದನ್ನ ಮುಟ್ಟಬೇಡ, ನಿನ್ನ ಕೆಲಸ ಉಳಿಯುತ್ತೆ ಅಂದ್ರು." ಅವನು ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. "ಆ ಬ್ಲೇಡಿನ ವಿಷಯ ಮೂರು ಸಲ ಬರೆದುಕೊಟ್ಟಿದ್ದೆ. ಆ ಕಾಗದಗಳು ಎಲ್ಲಿಗೆ ಹೋದ್ವು ಅಂತ ನನ್ನ ಕೇಳ್ತೀಯಾ? ನೀನೇ ಟಪಾಲಕ್ಕ."

ಅವಳು ಪುಸ್ತಕ ಮುಚ್ಚಿ ಹೊರಟಳು. ದಾರಿಯುದ್ದಕ್ಕೂ ಗಂಡನನ್ನೂ ಸಾಹೇಬರನ್ನೂ ಶಪಿಸಬೇಕೆಂದು ನೋಡಿದಳು. ಮನಸ್ಸು ಮಾತ್ರ ತಾನು ಹೊಡೆದ ಠಸ್ಸೆಯನ್ನೇ ತೋರಿಸುತ್ತಿತ್ತು. ಮೂರು ಕಾಗದವೂ ಅವಳ ಕೈಯಿಂದಲೇ ಹೋಗಿದ್ದವು. "ಫೈಲಿಗೆ ಹಾಕು" ಎಂದಿದ್ದರು ಸಾಹೇಬರು, ಅವಳು ಹಾಕಿದ್ದಳು. ಕೆಳಗೆ ಯಾರ ಸಹಿ ಇದೆ ಎಂದು ಕೂಡ ನೋಡುವ ಗೋಜಿಗೆ ಹೋಗಿರಲಿಲ್ಲ.

ಕಚೇರಿಗೆ ಬಂದು ರಿಪೇರಿ ಫೈಲು ತೆಗೆದಳು. ಹದಿನಾಲ್ಕನೇ ಪುಟವಾದ ಮೇಲೆ ಹದಿನೆಂಟು. ಮೂರು ಪುಟ ಬೆಣ್ಣೆಯಿಂದ ಕೂದಲು ತೆಗೆದಂತೆ ಮಾಯವಾಗಿದ್ದವು. ಅಷ್ಟರಲ್ಲಿ ಜವಾನ ಬಂದ.

"ಅಕ್ಕ, ಹೋದ ವರ್ಷದ ರಿಜಿಸ್ಟರು ಸಾಹೇಬ್ರಿಗೆ ಈಗ್ಲೇ ಬೇಕಂತೆ."

"ಕಪಾಟಲ್ಲಿ ನೋಡು" ಎಂದು ಅವಳು ತನ್ನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು. ಪಾಪದವನು ಮೂರು ಕಪಾಟಿನ ದೂಳು ಕುಡಿದ, ಸಿಗಲಿಲ್ಲ. ವಿಚಾರಣೆ ಶುರುವಾಗುವವರೆಗೆ ಅವಳು ನೀರು ಕುಡಿಯಲೂ ಏಳಲಿಲ್ಲ.

ವಿಚಾರಣೆ ಕಚೇರಿಯ ಹಾಲಿನಲ್ಲೇ, ಎಲ್ಲರೆದುರು. ಅರ್ಜಿ ಮೇಷ್ಟ್ರು ಎಂದೇ ಹೆಸರಾದ ನಿವೃತ್ತ ಶಿಕ್ಷಕರೊಬ್ಬರು ಬೆನ್ನು ಬಿಡದೆ ಅರ್ಜಿ ಹಾಕಿದ್ದರಿಂದ ಕಂಪನಿಗೆ ಬಾಗಿಲು ಹಾಕಿಕೊಂಡು ಮುಗಿಸಲು ಆಗಿರಲಿಲ್ಲ. ಅವಳ ತಮ್ಮ ಮುಂದಿನ ಸಾಲಿನಲ್ಲಿ ಬ್ಯಾಂಡೇಜಿನ ತೋಳು ಮಡಿಲಲ್ಲಿಟ್ಟು ಕೂತಿದ್ದ. ಡ್ಯೂಟಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ ಬಂದ ಗಂಡ ಹಿಂದಿನ ಸಾಲಿನಲ್ಲಿದ್ದ. ಹೆಡ್ಡಾಫೀಸಿನ ಅಧಿಕಾರಿ ಲಾಗ್ ಪುಸ್ತಕ ಓದಿದರು. ಹನ್ನೊಂದಕ್ಕೆ ನೂರ ಇಪ್ಪತ್ತೈದು, ಆದ್ದರಿಂದ ಲೈನ್ ಕ್ಲಿಯರ್ ಇರಲಿಲ್ಲ, ಯಾರಾದರೂ ಏನಾದರೂ ಹೇಳುವುದಿದೆಯೇ ಎಂದರು. ಸಾಹೇಬರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಟಪಾಲಕ್ಕ ಎದ್ದಳು. ಟವೆಲಿನಲ್ಲಿ ಸುತ್ತಿದ್ದ ರಿಜಿಸ್ಟರು ಬಿಚ್ಚಿ ಅಧಿಕಾರಿಯ ಮುಂದಿಟ್ಟಳು.

"ಆ ಸ್ವಿಚ್ಚು ಸರಿಯಿಲ್ಲ ಅಂತ ಹೋದ ವರ್ಷ ಮೂರು ಕಾಗದ ಬಂದಿತ್ತು ಸರ್. ಇನ್ನೂರ ಹನ್ನೆರಡು, ಮುನ್ನೂರ ಎಂಬತ್ತೊಂಬತ್ತು, ಐನೂರ ನಲವತ್ತು. ಫೈಲಲ್ಲಿ ಆ ಪುಟ ಈಗ ಇಲ್ಲ. ಇದರಲ್ಲಿ ಕಾಗದ ಮುಟ್ಟಿದ್ದಕ್ಕೆ ಸಾಹೇಬ್ರ ಸಹಿ ಇದೆ. ಪಕ್ಕದಲ್ಲಿ 'ಫೈಲಿಗೆ' ಅಂತ ಬರೆದವಳು ನಾನು."

"ಸ್ವಿಚ್ಚು ಹೇಗಾದ್ರೂ ಇರಲಿ" ಎಂದರು ಸಾಹೇಬರು, "ಅದನ್ನ ತೆಗೆದೇ ಇರಲಿಲ್ಲ ಅಂತ ಲಾಗೇ ಹೇಳುತ್ತಲ್ಲ."

ಇನ್ನೊಂದು ಮಾತು ಉಳಿದಿತ್ತು. ಆಡಿದರೆ ಮನೆ ಮುರಿಯುವ ಮಾತು. ಅವಳು ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಆಡಲಾಗುತ್ತಿರಲಿಲ್ಲ.

"ಆ ಲಾಗು ಬೆಳಿಗ್ಗೆ ಎಂಟಕ್ಕೇ ಬರೆದಿಟ್ಟದ್ದು ಸರ್. ಹನ್ನೆರಡರ ಸೊನ್ನೆನ ಬೆಳಕಿಗೆ ಹಿಡಿದು ನೋಡಿ. ಬರೆದವರು ನಮ್ಮ ಯಜಮಾನ್ರು."

ಅಧಿಕಾರಿ ಪುಟ ಎತ್ತಿ ಕಿಟಕಿಗೆ ಹಿಡಿದರು. ಆಮೇಲೆ ತಮ್ಮನ ಹೇಳಿಕೆಯನ್ನು ಬೋರಲು ಹಾಕಿ, ಹಿಂದಿನ ಸಾಲಿಗೆ ಕೇಳಿದರು, "ಆಪರೇಟರ್, ಲೈನ್ ಕ್ಲಿಯರ್ ಕೊಟ್ಟಿದ್ರೆ ನಂಬರ್ ಎಷ್ಟು?"

ಅವಳು ಅವನಿಗೆ ಆ ನಂಬರು ಹೇಳಿರಲಿಲ್ಲ. ಅನುಮಾನ ಹೊಕ್ಕ ಮೇಲೆ ಮನೆಯಲ್ಲಿ ಅಷ್ಟು ಮಾತು ಎಲ್ಲಿತ್ತು? ಕುರ್ಚಿ ಸರಿದ ಸದ್ದಾಯಿತು. ಗಂಡ ನಡೆದುಬಂದು ಜೇಬಿನ ಎರಡು ಪೆನ್ನನ್ನೂ ಮೇಜಿನ ಮೇಲಿಟ್ಟ.

"ನಲವತ್ತೇಳು" ಎಂದ.

ಅಧಿಕಾರಿ ಹಾಳೆ ತಿರುವಿ ನೋಡಿದರು, ಬರೆದುಕೊಂಡರು. ಮನೆಯವರೆಲ್ಲ ಸೇರಿ ಕಟ್ಟಿದ ಕಥೆ ಎಂದು ಸಾಹೇಬರು ಶುರು ಮಾಡಿದಾಗ ಅರ್ಜಿ ಮೇಷ್ಟ್ರು, "ಇಬ್ಬರ ಕೆಲಸ ಹೋಗೋ ಕಥೆ ಯಾರು ಕಟ್ತಾರೆ ಸ್ವಾಮಿ?" ಎಂದರು. ಅವಳ ತಮ್ಮ ಭಾವನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿದ್ದದ್ದು ಸಿಟ್ಟೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ.

ತಿಂಗಳೊಳಗೆ ಆದೇಶ ಬಂತು. ಲೈನ್‌ಮನ್ ನಿರ್ದೋಷಿ. ಆಪರೇಟರು ಮತ್ತು ಟಪಾಲು ಗುಮಾಸ್ತೆ ಅಮಾನತು. ಸಾಹೇಬರಿಗೆ ವರ್ಗಾವಣೆ, ಅದೂ ಅವರು ಬಹುದಿನದಿಂದ ಕೇಳುತ್ತಿದ್ದ ಊರಿಗೆ.

ಕಂಬ ಹತ್ತಲಾಗದ ತಮ್ಮನಿಗೆ ಅವಳ ಜಾಗವನ್ನೇ ಕೊಟ್ಟರು. ಕೆಲಸ ಒಪ್ಪಿಸಲು ಅವಳು ಹೋದ ದಿನ, ರಿಜಿಸ್ಟರಿಲ್ಲದ ಆ ಹಳ್ಳದಲ್ಲಿ ಅವನು ಗದ್ದದವರೆಗೆ ಮುಳುಗಿ ಕೂತಿದ್ದ. ಅವಳಿಗೆ ನಗುವೂ ಬಂತು, ಅಳುವೂ ಬಂತು. ಠಸ್ಸೆ ಹೇಗೆ ಹೊಡೆಯಬೇಕು, ನಂಬರು ಎಲ್ಲಿ ಹಾಕಬೇಕು ಎಂದು ತೋರಿಸುತ್ತಿರುವಾಗಲೇ ಅವತ್ತಿನ ಟಪಾಲು ಬಂತು. ತಮ್ಮ ಮೊದಲ ಕಾಗದವನ್ನು ಮೋಟು ತೋಳಿನಿಂದ ಒತ್ತಿಹಿಡಿದು ಬಿಡಿಸಿದ. ಸಬ್‌ಸ್ಟೇಷನ್ನಿನ ಹೊಸ ಆಪರೇಟರು ಬರೆದದ್ದು. ಸ್ವಿಚ್ಚಿನ ಮೂರನೇ ಬ್ಲೇಡು ಬಿಡುತ್ತಿಲ್ಲ, ದಯವಿಟ್ಟು ಸರಿಪಡಿಸಿ.

"ಇದನ್ನ ಏನು ಮಾಡ್ಬೇಕು ಅಕ್ಕ?"

ಹತ್ತೊಂಬತ್ತು ವರ್ಷದ ಅಭ್ಯಾಸ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿಕೊಂಡಳು.

"ಹೊಸ ಸಾಹೇಬ್ರ ಮೇಜಿಗೆ ತಗೊಂಡು ಹೋಗು. ರಿಪೇರಿಗೆ ಜನ ಹೊರಡೋವರೆಗೆ ಎದುರಿಗೇ ನಿಂತಿರು. ಫೈಲಿಗೆ ಹಾಕು ಅಂದ್ರೆ, ಆ ಕೈ ತೋರ್ಸು."