ಕೊನೆಯ ಹಾಡಿನ ಹನ್ನೊಂದು ಸೆಕೆಂಡು

ಅಣ್ಣ ಅಂಗಡಿಗೆ ಬಂದಾಗ ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರ ಬಿಚ್ಚಿ ಕೂತಿದ್ದೆ. ಯಾರದೋ ಮನೆಗೆ ಪೇಂಟ್ ಹೊಡೆಯುತ್ತಿದ್ದವನು ಅರ್ಧಕ್ಕೇ ಬಿಟ್ಟು ಬಂದಿದ್ದ, ಅಂಗಿಯ ಮೇಲೆ ಇನ್ನೂ ಹಸಿ ಬಣ್ಣ.

"ಗಿಟಾರಿನವನು ಫೋನ್ ಮಾಡಿದ್ದ" ಅಂದ.

ಭೂತಗನ್ನಡಿ ತೆಗೆದಿಟ್ಟೆ. ಆ ಬ್ಯಾಂಡಿನ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ.

ಎಂಬತ್ತರ ದಶಕದಲ್ಲಿ ಅಣ್ಣ, ಈ ಗಿಟಾರಿನವನು ಮತ್ತು ಇನ್ನಿಬ್ಬರು ಗೆಳೆಯರು ಅಪ್ಪನ ಇದೇ ಗಡಿಯಾರದಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಆಲ್ಬಂ ಮಾಡಿದ್ದರು. ಥ್ರ್ಯಾಶ್ ಮೆಟಲ್ ಅನ್ನುವ ಅಬ್ಬರದ, ಅತಿವೇಗದ ಸಂಗೀತ. ಆಗ ನಾನು ಹದಿನಾಲ್ಕರ ಹುಡುಗಿ, ನನ್ನ ಪಾಲಿಗೆ ಅದು ಪಾತ್ರೆ ಉರುಳಿಬಿದ್ದ ಸದ್ದು. ಜನ ಮಾತ್ರ ಹುಚ್ಚೆದ್ದು ಕೇಳಿದರು. ಕೊನೆಯ ಹಾಡಿನಲ್ಲಿ ಅಣ್ಣನ ಡ್ರಮ್ಮಿನ ವೇಗ ಕೇಳಿ ಮೂಗಿನ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಒಬ್ಬ ಪತ್ರಿಕೆಯವನು ಬರೆದ: ಮನುಷ್ಯನ ಕೈ ಇಷ್ಟು ಓಡುವುದಿಲ್ಲ, ರೆಕಾರ್ಡ್ ಮಾಡುವಾಗ ಬಾಡಿಗೆಯ ಟೇಪ್ ಯಂತ್ರ ನಿಧಾನವಾಗಿ ತಿರುಗಿರಬೇಕು, ಅದಕ್ಕೇ ಕೇಳುವಾಗ ಎಲ್ಲ ವೇಗ. ನಮ್ಮಣ್ಣ ಅದನ್ನು ನಂಬಿಬಿಟ್ಟ! ಮುಂದಿನ ಕಾರ್ಯಕ್ರಮದಲ್ಲಿ ಕೈ ತಡವರಿಸಿತು. ಡ್ರಮ್ ಮಾರಿ ಬ್ರಷ್ ಹಿಡಿದ.

"ಆಲ್ಬಂ ಮತ್ತೆ ಹೊರಗೆ ಬರುತ್ತಂತೆ. ಕೊನೇ ಹಾಡನ್ನ ನಿಧಾನ ಮಾಡಿ ಸರಿಮಾಡೋಣ್ವಾ ಅಂತ ಕಂಪನಿಯವರು ಕೇಳ್ತಿದಾರೆ. ಸಂಜೆಯೊಳಗೆ ಹೇಳ್ಬೇಕು. ಮಾಡ್ಕೊಳ್ಳಿ ಅಂತೀನಿ. ಇಲ್ಲದ ಹೆಸರು ಎಷ್ಟು ದಿನ ಹೊತ್ಕೊಂಡು ತಿರುಗ್ಲಿ?"

ನನಗೆ ಮೈಯೆಲ್ಲ ಉರಿಯಿತು. "ಆಡಿಸು, ಕೋಲೆಬಸವನ ಥರ ಎಲ್ಲದಕ್ಕೂ ತಲೆಯಾಡಿಸು! ಮೊದಲು ಆ ಹಾಡು ಹಾಕು."

"ನೀನು ಕೇಳ್ತೀಯಾ?"

"ಹಾಕು ಅಂದೆ."

ಗಿಟಾರಿನವನು ಮೂಲ ಟೇಪಿನ ನಕಲನ್ನು ಫೋನಿಗೆ ಕಳಿಸಿದ್ದ. ಅಣ್ಣ ಅದನ್ನು ತೆರೆದೂ ಇರಲಿಲ್ಲ. ನಾನೇ ಸ್ಪೀಕರಿಗೆ ಜೋಡಿಸಿದೆ.

ಅಬ್ಬಬ್ಬಾ, ಏನಂತ ಹೇಳಲಿ! ಮೂವತ್ತು ವರ್ಷ ಗಡಿಯಾರಗಳ ಬಡಿತ ಕೇಳಿ ಪಳಗಿದ ಕಿವಿ ನನ್ನದು. ಅಂದು ಬರೀ ಗದ್ದಲವಾಗಿದ್ದರಲ್ಲಿ ಇಂದು ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು. ಡ್ರಮ್ಮಿನ ಪೆಡಲುಗಳ ಮೇಲೆ ಕಾಲೆರಡೂ ಸೇರಿ ಸೆಕೆಂಡಿಗೆ ಹನ್ನೆರಡು ಪೆಟ್ಟು. ಅದರ ಮೇಲೆ ಕೈಗಳದು ಬೇರೆಯೇ ಓಟ. ಒಂದೂ ತಪ್ಪಿಲ್ಲ. ಗಿಟಾರುಗಳು ಅವನನ್ನು ಹಿಡಿಯಲು ಬಿದ್ದೂ ಎದ್ದೂ ಓಡುತ್ತಿದ್ದವು. ಕಪಾಟಿನ ಗಾಜು ಅದುರಿತು, ನನ್ನ ಮೈ ಜುಮ್ಮೆಂದಿತು. ಇದನ್ನಾ ನಾನು ಇಷ್ಟು ವರ್ಷ ಪಾತ್ರೆ ಸದ್ದು ಅಂತ ಬೈದಿದ್ದು ಎಂದು ನಾಚಿಕೆಯೂ ಆಯಿತು.

ಹಾಡು ಮುಗಿಯಿತು. ಸ್ಪೀಕರ್ ಆರಿಸಲು ಬಂದ ಅಣ್ಣನ ಕೈಗೆ ಒಂದು ಕೊಟ್ಟೆ.

"ಸುಮ್ನಿರು!"

ಮಾರಾಟದ ಕ್ಯಾಸೆಟ್ಟಿನಲ್ಲಿ ಕತ್ತರಿಸಿ ಹಾಕಿದ್ದ ಭಾಗ ಇದರಲ್ಲಿತ್ತು. ಕೊನೆಯ ಪೆಟ್ಟಿನ ಗುಂಗು ಅಡಗಲಿ ಎಂದು ಹುಡುಗರು ಉಸಿರು ಬಿಗಿಹಿಡಿದಿದ್ದರು, ಟೇಪು ಓಡುತ್ತಲೇ ಇತ್ತು. ಆ ಮೌನದಲ್ಲಿ, ಟಿಕ್. ಟಿಕ್.

ಅಪ್ಪನ ಲೋಲಕದ ಗಡಿಯಾರ. ಅಂಗಡಿಗೆ ಬಂದ ಗಡಿಯಾರಗಳಿಗೆಲ್ಲ ಅಪ್ಪ ಅದನ್ನು ನೋಡಿಯೇ ಸಮಯ ಹೊಂದಿಸುತ್ತಿದ್ದರು. ಸೆಕೆಂಡಿಗೆ ಒಂದೇ ಟಿಕ್. ರೆಕಾರ್ಡಿಂಗ್ ದಿನ ಅದನ್ನು ನಿಲ್ಲಿಸಿ ಎಂದು ಹುಡುಗರು ಎಷ್ಟು ಗೋಗರೆದರೂ ಅಪ್ಪ ಜಗ್ಗಿರಲಿಲ್ಲ. ಈಗಲೂ ಅದು ಹಿಂದಿನ ಕೋಣೆಯಲ್ಲೇ ನಡೆಯುತ್ತಿದೆ.

"ಅಣ್ಣಾ, ಯಂತ್ರ ನಿಧಾನ ಓಡಿದ್ರೆ ಈ ಟಿಕ್ಕೂ ಅವಸರವಾಗಿ ಕೇಳ್ಬೇಕಲ್ವಾ?"

ಅವನು ಮಿಕಮಿಕ ನೋಡಿದ. ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಆ ಗಡಿಯಾರದ ಕೆಳಗೆ ನಿಲ್ಲಿಸಿ, ಕೊನೆಯ ತುಣುಕನ್ನು ಮತ್ತೆ ಹಾಕಿದೆ. ಟೇಪಿನದು ಒಂದು, ಗೋಡೆಯದು ಒಂದು. ಹನ್ನೊಂದು ಸೆಕೆಂಡು ಎರಡೂ ಜೊತೆಜೊತೆಯಾಗಿ ನಡೆದವು. ನಡುವಿನ ಅಂತರ ಚೂರೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಅಂದಿನ ಆ ಮಧ್ಯಾಹ್ನ ಇದೇ ಕೋಣೆಯಲ್ಲಿ ನಮ್ಮ ಪಕ್ಕದಲ್ಲೇ ನಿಂತಂತಿತ್ತು.

"ಇನ್ನೊಂದ್ಸಲ" ಅಂದ. ಹಾಕಿದೆ. ಮತ್ತೆ ಕೇಳಿದ. ನಾಲ್ಕನೆಯ ಸಲಕ್ಕೆ ನೆಲದ ಮೇಲೆ ಕುಸಿದು ಕೂತು, ಬಣ್ಣ ಮೆತ್ತಿದ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅದು ನಾನೇನಾ?"

"ಮತ್ತಿನ್ಯಾರು, ನಾನಾ?" ಅಂದೆ. ಬೈಯಲು ಹೊರಟವಳು ಅವನ ಪಕ್ಕದಲ್ಲೇ ಕೂತುಬಿಟ್ಟೆ.

ಗಿಟಾರಿನವನಿಗೆ ಫೋನ್ ಹಚ್ಚಿದ. "ಕೂದಲೆಳೆಯಷ್ಟೂ ನಿಧಾನ ಮಾಡ್ಬೇಡ. ಕೊನೇಲಿ ಕತ್ತರಿನೂ ಹಾಕ್ಬೇಡ, ನಮ್ಮಪ್ಪನ ಗಡಿಯಾರ ಇದೆ ಅಲ್ಲಿ."

ಫೋನ್ ಇಟ್ಟು ಎದ್ದು ನಿಂತು, ಗಡಿಯಾರದ ಕೀ ಕೇಳಿದ. ಅಪ್ಪ ಹೋದ ಮೇಲೆ ಅದಕ್ಕೆ ಕೀ ತಿರುಗಿಸುವವಳು ನಾನೊಬ್ಬಳೇ, ಬೇರೆ ಯಾರಿಗೂ ಮುಟ್ಟಲು ಬಿಟ್ಟವಳಲ್ಲ. ಸೊಂಟದಿಂದ ಬಿಚ್ಚಿ ಅವನ ಕೈಗಿಟ್ಟೆ.