ಗುಡುಗಣ್ಣನ ಮೆಲುಮಾತು

ಗುಡುಗಣ್ಣನಿಗೆ ಪಿಸುಮಾತು ಬರುತ್ತಿರಲಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಹಾಡು ಬರುವುದಿಲ್ಲ. ಇವನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕಿವಿಯ ಹತ್ತಿರ ಬಾಯಿ ತಂದು, ಅಂಗೈ ಮರೆಮಾಡಿ, ಆಚೀಚೆ ನೋಡಿ, ಗುಟ್ಟು ಹೇಳುವವರ ಸಕಲ ವಿಧಿಗಳನ್ನೂ ಅವನು ಶ್ರದ್ಧೆಯಿಂದ ಪಾಲಿಸುತ್ತಿದ್ದ; ಆಮೇಲೆ ಹೊರಡುತ್ತಿದ್ದ ಧ್ವನಿ ಮಾತ್ರ ಮೂರು ಮನೆಯಾಚೆ ಬಟ್ಟೆ ಒಣಹಾಕುತ್ತಿದ್ದವರನ್ನೂ ತಿರುಗಿ ನೋಡುವಂತೆ ಮಾಡುತ್ತಿತ್ತು. “ಯಾರಿಗೂ ಹೇಳ್ಬೇಡ ತಮ್ಮಾ” ಎಂದು ಅವನು ಮಾತು ಮುಗಿಸುವಷ್ಟರಲ್ಲಿ, ಇನ್ನು ಹೇಳಬೇಕಾದವರು ಯಾರೂ ಬೀದಿಯಲ್ಲಿ ಉಳಿದಿರುತ್ತಿರಲಿಲ್ಲ. ಬೀದಿಯೇ ಅವನಿಗೆ ಗುಡುಗಣ್ಣನೆಂದು ಹೆಸರು ಇಟ್ಟಿತು; ಅವನೂ ಅದನ್ನು ಸಂತೋಷದಿಂದ ತೊಟ್ಟುಕೊಂಡ.

ತಪ್ಪು ಅವನದಲ್ಲ, ಮಗ್ಗಗಳದು. ಮೀಸೆ ಮೂಡುವ ವಯಸ್ಸಿನಿಂದ ನಿವೃತ್ತಿಯವರೆಗೆ ಅವನು ದುಡಿದದ್ದು ಬಟ್ಟೆ ಗಿರಣಿಯ ನೇಯ್ಗೆ ವಿಭಾಗದಲ್ಲಿ. ಒಂದೇ ಸೂರಿನಡಿ ನೂರಾರು ಮಗ್ಗಗಳು ಒಟ್ಟಿಗೆ ಬಡಿಯುವಾಗ, ಲಾಳಿಗಳು ಈ ಬದಿಯಿಂದ ಆ ಬದಿಗೆ ಹಾರಿ ಅಪ್ಪಳಿಸಿ ಮರಳುವಾಗ, ಅಲ್ಲಿ ಮನುಷ್ಯನ ಕೂಗಿಗೆ ಮೂರು ಕಾಸಿನ ಬೆಲೆ ಇಲ್ಲ. ಅಲ್ಲಿ ಮಾತಿಗೆ ಇರುವ ದಾರಿ ಒಂದೇ: ದನಿ ತೆಗೆಯದೆ ತುಟಿ ಆಡಿಸುವುದು, ಎದುರಿನವನು ಅದನ್ನು ಕಣ್ಣಿನಿಂದ ಓದಿಕೊಳ್ಳುವುದು. ಮೇಷ್ಟರ ಕೆಲಸ ಸಿಗುವ ಮುಂಚೆ ನಾನೂ ಕೆಲವು ವರ್ಷ ಅವನ ಪಕ್ಕದ ಮಗ್ಗಗಳನ್ನು ನೋಡಿಕೊಂಡವನು; ತುಟಿ ಓದುವ ವಿದ್ಯೆ ಕಲಿಸಿದವನು ಅವನೇ, ನೆಂಟನಲ್ಲದ ನನ್ನನ್ನು ತಮ್ಮನೆಂದು ಕರೆದವನೂ ಅವನೇ. ಕಡಿದ ಎಳೆಯನ್ನು ಬೆರಳು ತಾನಾಗಿ ಗಂಟು ಹಾಕುತ್ತಿರುವಾಗ, ಮೇಸ್ತ್ರಿಯ ಬೆನ್ನ ಹಿಂದೆ ಅವನು ತುಟಿಯಲ್ಲೇ ಎಸೆಯುತ್ತಿದ್ದ ಚಟಾಕಿಗಳಿಗೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆ ನಗು ನನಗೇ ಕೇಳುತ್ತಿರಲಿಲ್ಲ. ಹೊರಗೆ ಗುಡುಗುವ ಮನುಷ್ಯ ಗಿರಣಿಯೊಳಗೆ ಎಷ್ಟು ನವಿರಾಗಿ ಮಾತಾಡುತ್ತಿದ್ದನೆಂಬುದು ನಮಗೆ ನಾಲ್ಕಾರು ಮಂದಿಗೆ ಮಾತ್ರ ಗೊತ್ತಿತ್ತು.

ಗಿರಣಿ ಅವನ ನಡಿಗೆಯನ್ನೂ ತಿದ್ದಿತ್ತು. ಸಾಲು ಮಗ್ಗಗಳ ಸಂದಿಯಲ್ಲಿ ಓಡಾಡಿ ಓಡಾಡಿ, ಬಂಡಿ ಹೋಗುವಷ್ಟು ಅಗಲವಾದ ಬೀದಿಯಲ್ಲೂ ಅವನು ಭುಜ ಮುಂದೆ ಮಾಡಿ ಓರೆಯಾಗಿಯೇ ನಡೆಯುತ್ತಿದ್ದ. ಮೈಮೇಲೊಂದು ಬೂದುಬಣ್ಣದ ಕೋಟು. ಹೆಂಡತಿ ಎಷ್ಟು ಕೊಡವಿದರೂ ಅದಕ್ಕಂಟಿದ ಹತ್ತಿಯ ಎಳೆ ಹೋಗದು. ಜೇಬಿನ ತುಂಬ ನೂಲಿನ ತುಂಡುಗಳು. ನೆರೆಯವರ ಚೀಲದ ಹಿಡಿ, ಮಕ್ಕಳ ಅಂಗಿಯ ಗುಂಡಿ, ನನ್ನ ಕನ್ನಡಕದ ಮುರಿದ ಕಾಲು, ಎಲ್ಲಕ್ಕೂ ಅದೇ ಮದ್ದು. ಇನ್ನೊಂದು ಚಟವಿತ್ತು, ಸತ್ತರೂ ಬಿಡದಂಥದ್ದು: ಯಾರೊಡನೆ ಮಾತಾಡುತ್ತಿದ್ದರೂ ಅವರ ತೋಳಿನ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ತೀರ್ಪು ಕೊಡುವುದು. ನಮ್ಮ ಶಾಲೆಯ ತಪಾಸಣೆಗೆ ಬಂದಿದ್ದ ಗಂಭೀರ ಅಧಿಕಾರಿಯೊಬ್ಬರ ತೋಳು ಹಿಡಿದು, “ಮೋಸ ಹೋದ್ರಿ ಸ್ವಾಮಿ, ಎರಡು ಒಗೆತಕ್ಕೆ ಜಾಳಾಗತ್ತೆ” ಎಂದು ಅಂಗಳವೆಲ್ಲ ಕೇಳುವಂತೆ ಮರುಗಿದವನು ಅವನು. ಆ ವರ್ಷ ನಮ್ಮ ಶಾಲೆಗೆ ಒಳ್ಳೆಯ ವರದಿ ಬರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪಾಳಿ ಮುಗಿಸಿ ಮನೆಗೆ ಬಂದಾಗ ಸ್ವಲ್ಪ ಹೊತ್ತು ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಆ ಹೊತ್ತಿಗಾಗಿ ಮಕ್ಕಳಿಬ್ಬರೂ ಕಾದಿರುತ್ತಿದ್ದರು. ಮಗ ಒಂದು ತೊಡೆ, ಮಗಳು ಒಂದು ತೊಡೆ ಏರಿ, ಶಾಲೆಯಲ್ಲಿ ತಾವು ಮಾಡಿದ ತಂಟೆಗಳನ್ನೆಲ್ಲ ಅಪ್ಪನಿಗೆ ಒಪ್ಪಿಸಿ ಹಗುರಾಗುತ್ತಿದ್ದರು. ಕಿವಿ ಕೇಳದ ಅಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ತುಟಿಯಿಂದ ಎಲ್ಲವನ್ನೂ ಓದಿಕೊಳ್ಳುತ್ತಿದ್ದನೆಂದು ಅವರಿಗೆ ಗೊತ್ತಾದದ್ದು ದೊಡ್ಡವರಾದ ಮೇಲೆ. ಒಂದು ತಂಟೆಗೂ ಅವನು ಶಿಕ್ಷೆ ಕೊಟ್ಟವನಲ್ಲ. ಮುಂದೆ ನಿವೃತ್ತನಾಗಿ ಮನೆಯಲ್ಲಿ ಕೂತಾಗ, ಮಧ್ಯಾಹ್ನದ ಆ ನಿಶ್ಶಬ್ದದಲ್ಲಿ ಅವನಿಗೆ ಕಣ್ಣು ಹತ್ತಲೊಲ್ಲದು. ಅತ್ತಿಗೆ, ಅಂದರೆ ಅವನ ಹೆಂಡತಿ, ಹೊಲಿಗೆ ಯಂತ್ರವನ್ನು ಅವನ ಮಂಚದ ಪಕ್ಕಕ್ಕೆ ಎಳೆದುಕೊಂಡು, ಸೂಜಿಗೆ ದಾರವನ್ನೂ ಪೋಣಿಸದೆ, ಸುಮ್ಮನೆ ತುಳಿಯುತ್ತ ಕೂರುತ್ತಿದ್ದರು. ಆ ಸದ್ದಿಗೆ ಅವನು ಮಗುವಿನಂತೆ ನಿದ್ದೆ ಹೋಗುತ್ತಿದ್ದ.

ಮಗಳ ಮದುವೆಯ ಮಾತಿಗೆ ಬೀಗರಾಗುವವರು ಬಂದಿದ್ದ ದಿನ ನಾನೂ ಇದ್ದೆ. ಕೋಣೆಯ ಆ ತುದಿಯಲ್ಲಿ ಹುಡುಗನ ತಾಯಿ ಗಂಡನ ಕಡೆ ವಾಲಿ ಏನೋ ಉಸುರಿದರು. ಈ ತುದಿಯಿಂದ ಗುಡುಗಣ್ಣ ಗುಡುಗಿದ: “ನಿಜ ತಾಯೀ, ಹುಡುಗಿ ಅಪ್ಪ ಬಾಯಿಬಡುಕನೇ. ಆದ್ರೆ ಹುಡುಗಿ ಅವಳಮ್ಮನ ಹಾಗೆ, ಭಯ ಬೇಡ!” ಮುರಿದೇಹೋಯಿತು ಸಂಬಂಧ ಎಂದು ನಾನು ಕಣ್ಣು ಮುಚ್ಚಿದೆ. ಆ ತಾಯಿ ನಕ್ಕ ನಗುವಿನಲ್ಲಿ ಮದುವೆ ಗಟ್ಟಿಯಾಯಿತು.

ಕೆಮ್ಮು ಹಳೆಯದು, ಗಿರಣಿಯ ಬಳುವಳಿ. ಒಂದು ವರ್ಷ ಅದು ಜೋರಾಗಿ, ಮಕ್ಕಳಿಬ್ಬರೂ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮಕ್ಕಳನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಆ ಕೋಣೆಗೆ ಗಾಜಿನ ಗೋಡೆ. ಹೊರಗಿನ ಬೆಂಚಿನಲ್ಲಿ ಗುಡುಗಣ್ಣ. ಮಕ್ಕಳ ಬೆನ್ನು ಅವನ ಕಡೆಗೆ, ಡಾಕ್ಟರ ಮುಖ ನೇರ ಅವನ ಎದುರಿಗೆ. ಹೊರಗೆ ಬಂದ ಮಗ, “ಏನಿಲ್ಲಪ್ಪಾ, ಸ್ವಲ್ಪ ಕಫ ಕಟ್ಟಿದೆಯಂತೆ” ಎಂದ. “ಅಷ್ಟೇ ತಾನೇ!” ಎಂದು ಇವನು ಕೂಗಿದ್ದು ಇಡೀ ಪಡಸಾಲೆಗೆ ಕೇಳಿಸಿತಂತೆ.

ಆ ವಾರ ನಾನು ನೋಡಲು ಹೋದಾಗ ಮಗ ಗೇಟಿನಲ್ಲೇ ತಡೆದ. “ಜಾಸ್ತಿ ದಿನ ಇಲ್ವಂತೆ ಚಿಕ್ಕಪ್ಪಾ. ಅಪ್ಪನಿಗೆ ಗೊತ್ತಿಲ್ಲ. ಅಮ್ಮ ತಡ್ಕೊಳ್ಳಲ್ಲ ಅಂತ ಅವಳಿಗೂ ಹೇಳಿಲ್ಲ. ನೀವೂ ಏನೂ ತೋರಿಸ್ಕೋಬೇಡಿ.” ಒಳಗೆ ಹೋಗಿ ಮಂಚದ ಎದುರು ಕುಳಿತೆ. ಮಗ ತಲೆ ತಗ್ಗಿಸಿ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದ, ಮಗಳು ಗೋಡೆಯ ಕಡೆ ತಿರುಗಿ ಬಟ್ಟೆ ಮಡಿಸುತ್ತಿದ್ದಳು. ಗುಡುಗಣ್ಣ ನನ್ನನ್ನೇ ನೋಡಿ, ದನಿ ತೆಗೆಯದೆ, ಗಿರಣಿಯ ಭಾಷೆಯಲ್ಲಿ ಹೇಳಿದ: “ನನಗೆ ಗೊತ್ತು ತಮ್ಮಾ.”

ಗೊತ್ತಿರುವುದನ್ನು ಮಕ್ಕಳಿಗೆ ಹೇಳಬಾರದೇ ಎಂದು ನಾನೂ ತುಟಿಯಲ್ಲೇ ಕೇಳಿದೆ.

“ಪಾಪ, ಎಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿವೆ. ನಾನ್ಯಾಕೆ ಕೆಡಿಸ್ಲಿ?” ಎಂದ. ಆಮೇಲೆ, “ನಿನ್ನ ಅತ್ತಿಗೆ ಚಿಂತೆ ಒಂದೇ ನನಗೆ. ಅವಳಿಗೆ ಗೊತ್ತಾಗದ ಹಾಗೆ ಅವಳನ್ನ ತಯಾರು ಮಾಡ್ಬೇಕು” ಎಂದ. ಒಂದು ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾರದ ಮನುಷ್ಯನ ಬಾಯಿಂದ ಈ ಮಾತು ಕೇಳಿ ನನಗೆ ಅಳು ತಡೆಯಲಾಗದೆ, ಕೈ ತೊಳೆಯುವ ನೆಪದಲ್ಲಿ ಅಂಗಳಕ್ಕೆ ಎದ್ದು ಹೋದೆ.

ಮರುದಿನದಿಂದ ಪಾಠ ಶುರುವಾಯಿತು. ಫ್ಯೂಸ್ ಹೋದರೆ ತಂತಿ ಹಾಕುವುದು ಹೇಗೆ, ಗ್ಯಾಸ್ ಸಿಲಿಂಡರ್ ಬದಲಿಸುವುದು ಹೇಗೆ, ನೀರಿನ ಪಂಪು ಮುನಿಸಿಕೊಂಡರೆ ಎಲ್ಲಿ ತಟ್ಟಬೇಕು. “ಅಯ್ಯೋ, ನನಗೆಲ್ಲಿ ಬರತ್ತೆ ರೀ” ಎಂದು ಅತ್ತಿಗೆ ಹಿಂಜರಿಯುವುದು, “ಬರತ್ತೆ ಕಣೇ, ಬಲಗಡೆ ತಿರುಗ್ಸು, ಬಲಗಡೆ!” ಎಂದು ಇವನು ಕುರ್ಚಿಯಿಂದಲೇ ಕೂಗಿ ಕೆಮ್ಮುವುದು. ಆ ಬೇಸಿಗೆಯಲ್ಲಿ ಇಡೀ ಬೀದಿ ಫ್ಯೂಸ್ ಹಾಕಲು ಕಲಿಯಿತು. ಒಂದೊಂದು ಪಾಠ ಮುಗಿದಾಗಲೂ ಅತ್ತಿಗೆ ಹಿಗ್ಗಿನಿಂದ ಅವನ ಮುಖ ನೋಡುತ್ತಿದ್ದರು. ಇವನು ಪರೀಕ್ಷೆ ಪಾಸಾದವನ ಹಾಗೆ ಬೀಗಿ, ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸುತ್ತಿದ್ದ. ಎಲ್ಲ ಕಲಿಸಿ ಮುಗಿಸಿ, ಒಂದು ಬೆಳಗ್ಗೆ ಕೋಟು ತೊಟ್ಟುಕೊಂಡು ಬಿಸಿಲಿಗೆ ಕೂತವನು ಹಾಗೆಯೇ ಹೋಗಿಬಿಟ್ಟ.

ಎಲ್ಲ ಮುಗಿದು ನೆಂಟರು ಹೊರಟುಹೋದ ಮೇಲೆ, ಒಂದು ಮಧ್ಯಾಹ್ನ ಅತ್ತಿಗೆಯ ಎದುರು ಕೂತಿದ್ದೆ. ಅವನಿಗೆ ಮೊದಲೇ ತಿಳಿದಿತ್ತೆಂದು ಇವರಿಗೆ ಹೇಳಬೇಕೋ ಬೇಡವೋ ಎಂದು ನಾನು ಒಳಗೊಳಗೇ ಬೇಯುತ್ತಿರುವಾಗ ಅವರೇ ಮಾತೆತ್ತಿದರು.

“ಅಲ್ಲಪ್ಪಾ, ಅವತ್ತು ಮಂಚದ ಹತ್ರ ಅಣ್ಣ ತಮ್ಮ ಅಷ್ಟೆಲ್ಲ ಮಾತಾಡಿದ್ರಲ್ಲ, ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ನೀವಿಬ್ರೂ ನೋಡ್ಲೇ ಇಲ್ಲ.”

ನೇಕಾರರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು: ಸದ್ದಿಲ್ಲದ ಮಾತೆಲ್ಲ ಗುಟ್ಟು ಎಂದು ನಂಬಿದ್ದು.

“ಪಾಳಿ ಮುಗಿಸಿ ಬಂದಾಗ ದನಿ ಹಾಕೋದನ್ನೇ ಮರ್ತು ಬರೇ ತುಟಿ ಆಡಿಸ್ತಿದ್ರು, ಪಾಪ. ಹಸಿವು ಅಂತಾನೂ ಹಾಗೇ ಹೇಳೋರು. ಓದ್ದೇ ಇದ್ರೆ ಸಂಸಾರ ನಡೀತಿತ್ತಾ?” ಎಂದು ನಕ್ಕರು. “ಇನ್ನು ಆ ಫ್ಯೂಸು. ಅವರು ಗಿರಣಿಗೆ ಹೋದಾಗ ಕರೆಂಟು ಹೋದ್ರೆ ಯಾರು ಹಾಕ್ತಿದ್ರು ಅನ್ಕೊಂಡೆ? ಸಿಲಿಂಡರೂ ನಾನೇ, ಪಂಪೂ ನಾನೇ. ಆದ್ರೆ ಕಲಿಸುವಾಗ ಅವರ ಮುಖ ನೋಡಿದ್ಯಲ್ಲ ನೀನು. ನನಗೆ ಬರತ್ತೆ ಅಂತ ಹೇಗೆ ಹೇಳ್ಲಿ?” ಮಾತು ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮನೆವಂದಿಗ, ಅಂದರೆ ಮನೆಯವರಿಗಾಗಿ ಬದುಕುವ ಸಂಸಾರಸ್ಥ, ಎಂಬ ಮಾತು ಎಷ್ಟು ಸಾಧಾರಣವಾದದ್ದು! ಅಂಥವರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ; ಅವರು ಸಾಧಿಸಿದ್ದೇನು ಎಂದು ಕೇಳಿದರೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ತಮ್ಮವರು ಹೇಳುವ ಸುಳ್ಳನ್ನು ನಂಬಿದಂತೆ ಇದ್ದು ಅವರ ಮನಸ್ಸು ಕಾಯುವುದು, ಸಾವು ಹೊಸ್ತಿಲಲ್ಲಿ ನಿಂತಿರುವಾಗಲೂ ಹಿಂದೆ ಉಳಿಯುವವರಿಗೆ ಏನು ತೊಂದರೆಯಾದೀತೆಂದು ಯೋಚಿಸುವುದು, ಇಷ್ಟೇ ಅವರ ಪುರುಷಾರ್ಥ. ಇಂಥ ಜೀವಗಳಿಂದಲೇ ಮನೆಗಳು ನಿಂತಿವೆ ಎಂದು ನಾನು ನಂಬಿದ್ದೇನೆ. ಅಂಥವನೊಬ್ಬನ ಗೆಳೆತನ ಸಿಕ್ಕಿದ್ದು ನನ್ನ ಪುಣ್ಯ. ಅವನ ಕೊನೆಯ ಬೇಸಿಗೆಯಲ್ಲಿ, ಎಲ್ಲ ಬಲ್ಲವರೊಬ್ಬರು ಏನೂ ಬಾರದವರಂತೆ ಅವನ ಮುಂದೆ ಕೂತು ಕಲಿತರಲ್ಲ, ಅದು ಅವನ ಪುಣ್ಯ.